ಕೆಂಬಾಳೆಯ ಮೇಲಿನ ಸುಣ್ಣ

ಅವತ್ತು ಸೋಮವಾರ. ಮಾವ ಕಮಲಾಪುರದಿಂದ ಬಂಡಿ ಹೊಡೆದುಕೊಂಡು ಬಿಸಿಲೇರುವ ಮುಂಚೆ ಅಂಗಡಿಗೆ ಬಂದ. ಬಂಡಿಯಲ್ಲಿ ಹನ್ನೆರಡು ಗೊನೆ ಕೆಂಬಾಳೆ. ಪೆಟ್ಟಾಗಬಾರದೆಂದು ಕೆಳಗೂ ಮೇಲೂ ಒಣಹುಲ್ಲು. ಮಾವನೆಂದರೆ ಅವ್ವನ ಒಬ್ಬನೇ ತಮ್ಮ. ಅವನ ತೋಟದ ಹಣ್ಣನ್ನು ಕಲಬುರ್ಗಿಯಲ್ಲಿ ಮಾರುವುದು ಅಪ್ಪನ ಮತ್ತು ನನ್ನ ಕೆಲಸ. ಜಗತ್ ಎಂಬ ಓಣಿಯ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇತ್ತು, ಮನೆ ಅದೇ ಊರಿನ ಗಾಜಿಪುರ ಓಣಿಯಲ್ಲಿ. ನನಗಾಗ ಇಪ್ಪತ್ತು ದಾಟಿತ್ತು. ಉರ್ದು ಸಾಲಿಯಲ್ಲಿ ನಾಲ್ಕು ವರ್ಷ, ಮಠದ ಅಯ್ಯನವರ ಹತ್ತಿರ ಕನ್ನಡ ಎರಡು ವರ್ಷ, ಅಷ್ಟೇ ನನ್ನ ಓದು.

ಹೊಸ ಗೊನೆಗಳನ್ನು ಹಣ್ಣಾಗಲೆಂದು ಹಿಂದಿನ ಕೋಣೆಯಲ್ಲಿ ಹುಲ್ಲಿನೊಳಗೆ ಅಡೆ ಹಾಕಿದೆವು. ಹೋದ ವಾರ ಅಡೆ ಹಾಕಿದ್ದನ್ನು ತೆಗೆದು ಮುಂದೆ ಹಗ್ಗಕ್ಕೆ ತೂಗುಬಿಟ್ಟೆವು. ಮಧ್ಯಾಹ್ನದೊಳಗೆ ಎಲ್ಲ ಹೋದವು. ಕೆಂಬಾಳೆ ಹಳದಿ ಬಾಳೆಗಿಂತ ತುಟ್ಟಿ. ಬಡವರು ಕೇಳುವ ಹಣ್ಣಲ್ಲ ಅದು. ವಕೀಲರ ಮನೆಯವರು, ಕಚೇರಿಯ ದೊಡ್ಡ ಮಂದಿ, ಸೀಮಂತ-ಮದುವೆ ಇಟ್ಟುಕೊಂಡವರು ಒಯ್ಯುತ್ತಿದ್ದರು. ಬಾಣಂತಿ ಇರುವ ಮನೆಯಿಂದ ತಪ್ಪದೆ ಯಾರಾದರೂ ಬರುತ್ತಿದ್ದರು.

ಮಾವ ಮನೆಗೆ ಬಂದು ಉಂಡ. ಅವ್ವ ಅವನಿಗೆಂದು ಎಣ್ಣೆಗಾಯಿ ಪಲ್ಯ ಮಾಡಿದ್ದಳು. ಅವನು ನಾಲ್ಕನೆಯ ರೊಟ್ಟಿಗೆ ಕೈ ಹಾಕುತ್ತ, "ಅಕ್ಕಾ, ನಿನ್ನ ಗಂಡ ನನ್ನ ಹಣ್ಣು ಮಾರಿ ದಪ್ಪಾಗ್ಯಾನ. ನೀ ಮಾತ್ರ ಹಂಗಽ ಉಳದಿ," ಅಂದ. "ಮಾಡಿದ್ದರಾಗ ಅರ್ಧ ನೀನಽ ಬಂದು ತಿಂದು ಹೋದ್ರ ಆಕಿಗಿ ಎಲ್ಲಿ ಉಳೀತದ?" ಎಂದು ಅಪ್ಪ ತಿರುಗಿಸಿ ಹೇಳಿದ. ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಹೋಗುವಾಗ ಮಾವ ಅಂದ, "ಎಳ್ಳಾಮಾಸಿಗಿ ಮೂರು ದಿನ ಮೊದಲಽ ಬಂಡಿ ತರ್ತೀನಿ. ಭಜ್ಜಿ ನೀನಽ ಮಾಡಬೇಕು. ನಮ್ಮನಿಯಾಕಿ ಕೈಯಾಗ ಅದು ಸಾರಾಗ್ತದ."

ಎಳ್ಳ ಅಮಾವಾಸ್ಯೆಗೆ ಅವ್ವ ತವರಿಗೆ ಹೋಗದ ವರ್ಷವಿರಲಿಲ್ಲ. ಅಲ್ಲಿ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರ ಜೊತೆ ಕೂತು ಸಜ್ಜೆ ಕಡುಬು, ಹತ್ತಾರು ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಉಂಡು, ಎಂಟು ದಿನ ಇದ್ದು ಬರುತ್ತಿದ್ದಳು. ಆಕೆ ನಮ್ಮ ಹೊಸ್ತಿಲು ದಾಟಿ ಹೋಗುತ್ತಿದ್ದದ್ದು ವರ್ಷದಲ್ಲಿ ಅದೊಂದೇ ಸಲ. ಹೋಗಿಬಂದ ಮೇಲೆ ಒಂದು ತಿಂಗಳು ಆಕೆಯ ದನಿಯೇ ಬೇರೆಯಾಗಿರುತ್ತಿತ್ತು.

ಅವ್ವ ತೀರಿಕೊಂಡು ಇವತ್ತಿಗೆ ನಲವತ್ತು ದಿನ. ಆ ಸೋಮವಾರದ ನಂತರ ಆಕೆ ಕಮಲಾಪುರ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂಬುದನ್ನು ಬರೆದಿಡಬೇಕು ಎನಿಸಿದೆ. ಅದರಲ್ಲಿ ನನ್ನ ಕೈ ಇದೆ.

ಆ ಸೋಮವಾರದ ಮುಂದಿನ ವಾರವೇ, ಕಾಳಿನ ಪೇಟೆಯಾದ ಗಂಜಿನ ಕಡೆ ಒಂದು ಕೋಠಿಯಲ್ಲಿ ಇಲಿಗಳು ಸತ್ತು ಬಿದ್ದವಂತೆ ಎಂಬ ಸುದ್ದಿ ಬಂತು. ಈಗ ಪ್ಲೇಗು ಎಂದು ಬರೆಯುತ್ತಿದ್ದೇನೆ. ಆಗ ಆ ಮಾತನ್ನು ಯಾರೂ ಬಾಯಿಂದ ಹೇಳುತ್ತಿರಲಿಲ್ಲ. ಹೆಸರು ಹಿಡಿದರೆ ಕರೆದಂತೆ ಆಗುತ್ತದೆ ಎಂದು ಎಲ್ಲರಿಗೂ ಅಂಜಿಕೆ. 'ಊರಾಗ ಹವಾ ಸರಿ ಇಲ್ಲ' ಎನ್ನುತ್ತಿದ್ದರು, ಅಷ್ಟರಲ್ಲೇ ತಿಳಿದುಕೊಳ್ಳಬೇಕು. ಅಂಗಡಿ, ಬಜಾರದಲ್ಲಂತೂ ಅಷ್ಟೂ ಹೇಳುತ್ತಿರಲಿಲ್ಲ. ಇನ್ನೊಬ್ಬರ ಗಲ್ಲೆಯ ಮುಂದೆ ನಿಂತು ಅಂಥ ಮಾತು ಆಡುವುದು ಶಾಪ ಹಾಕಿದ ಹಾಗೆ.

ಅನುಕೂಲ ಇದ್ದವರು ಊರು ಬಿಟ್ಟು ತಾಜಸುಲ್ತಾನಪುರದ ಕಡೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ನಮ್ಮ ಗಿರಾಕಿಗಳೆಲ್ಲ ಅನುಕೂಲ ಇದ್ದವರೇ. ಮದುವೆಗಳು ಮುಂದೆ ಹೋದವು. ಉಳಿದವರು ಇದ್ದ ದುಡ್ಡನ್ನು ಹಿಡಿದುಕೊಂಡು ಕುಳಿತರು, ನಾಳೆ ಏನೋ ಎಂತೋ ಎಂದು. ಹಣ್ಣು ಬೇಕೇ ಬೇಕೆಂದರೆ ಎದುರಿನ ಅಂಗಡಿಯ ಅಗ್ಗದ ಹಳದಿ ಬಾಳೆ ಒಯ್ಯುತ್ತಿದ್ದರು. ಇದನ್ನೆಲ್ಲ ಈಗ ಹೀಗೆ ಸಾಲಾಗಿ ಬರೆಯಬಲ್ಲೆ. ಆಗ ಅಪ್ಪನಿಗೂ ನನಗೂ ಕಂಡದ್ದು ಎರಡೇ ಸಂಗತಿ: ನಮ್ಮ ಗೊನೆಗಳು ಸಂಜೆಯಾದರೂ ಹಗ್ಗಕ್ಕೇ ಇದ್ದವು, ಎದುರಿನವನ ಗೊನೆಗಳು ಇಳಿಯುತ್ತಿದ್ದವು.

ಅಪ್ಪ ಕೆಟ್ಟವನಾಗಿರಲಿಲ್ಲ. ಆದರೆ ನಷ್ಟಕ್ಕೆ ಒಂದು ಮುಖ ಬೇಕು ಅವನಿಗೆ. ಮಳೆ ಹೋದರೂ ಯಾರೋ ಏನೋ ಮಾಡಿದ್ದಾರೆ ಎನ್ನುವ ಸ್ವಭಾವ. ಒಂದು ಹಣ್ಣನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಇದು ನಿಮ್ಮ ಮಾವನ ಮೊದಲಿನ ಹಣ್ಣಲ್ಲ," ಅಂದ. ಚಳಿಗೆ ಹಣ್ಣು ತಡವಾಗಿ ಮೆತ್ತಗಾಗುತ್ತಿತ್ತು, ಅಷ್ಟೇ. ನಾನು ಅದನ್ನು ಹೇಳಲಿಲ್ಲ. ಕಮಲಾಪುರದ ಬಂಡಿಯೊಂದು ಸ್ಟೇಷನ್ ಕಡೆಯ ಅಂಗಡಿಯ ಮುಂದೆ ನಿಂತಿತ್ತು ಎಂದು ಯಾರೋ ಅಪ್ಪನಿಗೆ ಹೇಳಿದ್ದರು. ಕಮಲಾಪುರದಲ್ಲಿ ಬಂಡಿ ಎಷ್ಟಿಲ್ಲ! ಅಪ್ಪನಿಗೆ ಮಾತ್ರ ಒಂದೇ ಬಂಡಿ ಕಂಡಿತು. ಒಳ್ಳೆಯ ಗೊನೆ ಅಲ್ಲಿ ಇಳಿಸಿ, ಕಚ್ಚಾ ಮಾಲು ನಮಗೆ ತರುತ್ತಾನೆ ಎಂದು ತೀರ್ಮಾನಿಸಿದ. ನನಗೂ ಹಾಗೇ ಅನ್ನಿಸತೊಡಗಿತು. ಅನುಮಾನ ಒಬ್ಬರೇ ಹಿಡಿದು ಕೂತರೆ ಭಾರ, ಇಬ್ಬರು ಹಿಡಿದರೆ ಅದು ಗೊತ್ತಿದ್ದ ವಿಷಯದಂತೆ ಆಗಿಬಿಡುತ್ತದೆ.

ಅಪ್ಪ ನನ್ನನ್ನು ಕಮಲಾಪುರಕ್ಕೆ ಕಳಿಸಿದ. ತೋಟದಲ್ಲಿ ಒಳ್ಳೆಯ ಗೊನೆ ನೋಡಿ, ಯಾರಿಗೂ ಕಾಣದ ಹಾಗೆ ಸುಣ್ಣದ ಗುರುತು ಹಾಕಿ ಬರಬೇಕು. ಗುರುತಿನ ಗೊನೆ ನಮ್ಮಲ್ಲಿಗೆ ಬಂದರೆ ಸರಿ, ಬರದಿದ್ದರೆ ಕಳ್ಳತನ ಗೊತ್ತಾಯಿತು. ಅವ್ವನಿಗೆ ಹೇಳಲಿಲ್ಲ. ಆಕೆ, ಮಗ ತನ್ನ ತವರಿಗೆ ಹೊರಟಿದ್ದಾನೆ ಎಂದು ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಕೊಟ್ಟಳು.

ಮಾವ ನನ್ನನ್ನು ನೋಡಿ ಖುಷಿಪಟ್ಟ. ಬಾವಿಯ ಮಗ್ಗುಲಿಗೆ ತೋಟ, ಕೆಂಪುಗೊನೆಗಳು ಬಾಗಿ ನಿಂತಿದ್ದವು. ನನಗೆ ಬುತ್ತಿ ತರುತ್ತೇನೆಂದು ಅವನು ಮನೆಗೆ ಹೋದಾಗ ನಾನು ಎಲೆ-ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಆರು ಗೊನೆಗಳ ದಿಂಡಿಗೆ ಗುರುತು ಹಾಕಿದೆ. ಅವನು ಬಂದ. ಬೆರಳಿನ ಸುಣ್ಣವನ್ನು ಧೋತರಕ್ಕೆ ಒರೆಸಿಕೊಂಡು ಅವನ ಜೊತೆ ಕೂತು ಉಂಡೆ.

ಆರೂ ಗೊನೆ ಬಂದವು. ಆದರೆ ಬಂಡಿಯ ಹುಲ್ಲಿಗೆ ತಿಕ್ಕಿ ನಾಲ್ಕರ ಗುರುತು ಅಳಿಸಿಹೋಗಿತ್ತು. ಎರಡೇ ಇವೆ ಎಂದ ಅಪ್ಪ. ಗೊನೆಯ ಆಕಾರ ನನಗೆ ನೆನಪಿತ್ತು, ಅವೇ ಇರಬೇಕು ಎಂದು ಅರೆಮನಸ್ಸಿನಿಂದ ಹೇಳಿದೆ. 'ಇರಬೇಕು' ಅಂದರೇನು, ಇದಾವೋ ಇಲ್ಲೋ ಎಂದು ಅಪ್ಪ ಕೇಳಿದ. ನಾನು ಒಂದು ಗೊನೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ.

ಎರಡನೆಯ ಸಲ ಸುಣ್ಣಕ್ಕೆ ಜಾಲಿಯ ಅಂಟು ಕಲೆಸಿಕೊಂಡು ಹೋದೆ. ಈ ಸಲ ದಿಂಡಿಗಲ್ಲ, ಚಿಪ್ಪು ಚಿಪ್ಪಿಗೂ ಹಣ್ಣಿನ ಸಿಪ್ಪೆಯ ಮೇಲೆಯೇ ರೂಪಾಯಿಯಷ್ಟು ಅಗಲದ ದುಂಡು ಗುರುತು. ಅದು ತೊಳೆದರೂ ಹೋಗುತ್ತಿರಲಿಲ್ಲ. ಗೊನೆಗಳು ಬಂದವು, ಗುರುತುಗಳೆಲ್ಲ ಇದ್ದವು, ಒಂದೂ ತಪ್ಪಿರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಅಪ್ಪ ಬಹಳ ಹೊತ್ತು ನೋಡಿ, "ಗುರ್ತು ಕಂಡು ಹುಷಾರಾಗ್ಯಾನ," ಅಂದ. ಇದ್ದರೂ ತಪ್ಪು, ಇಲ್ಲದಿದ್ದರೂ ತಪ್ಪು. ಆಮೇಲೆ ಪ್ರತಿ ವಾರ ನಾನು ಹೋಗಿ ಗುರುತು ಹಾಕಿ ಬರುವುದು ನಡೆಯಿತು.

ಆ ಹಣ್ಣುಗಳನ್ನು ಅಡೆಯಿಂದ ತೆಗೆದು ಮುಂದೆ ತೂಗುಬಿಟ್ಟೆವು. ಕೆಂಪು ಸಿಪ್ಪೆಯ ಮೇಲೆ ಬಿಳಿ ದುಂಡುಗಳು ಬಜಾರದ ಆ ತುದಿಯಿಂದಲೂ ಕಾಣುತ್ತಿದ್ದವು.

ಆವರೆಗೆ ಕೊಳ್ಳುತ್ತಿದ್ದ ಕೆಲವರೂ ಅವತ್ತಿನಿಂದ ಕೊಳ್ಳುವುದನ್ನು ಬಿಟ್ಟರು. ಬರುತ್ತಿದ್ದರು, ತಲೆ ಎತ್ತಿ ನೋಡುತ್ತಿದ್ದರು, ಹೋಗುತ್ತಿದ್ದರು. ಒಬ್ಬ ಹೆಣ್ಣುಮಗಳು ಸೆರಗನ್ನು ಮೂಗಿಗೆ ಹಿಡಿದು ದಾಟಿದಳು. ಐದಾರು ವರ್ಷದಿಂದ ನಮ್ಮಲ್ಲೇ ಒಯ್ಯುತ್ತಿದ್ದ ಕಚೇರಿಯ ಮುನ್ಷಿಯೊಬ್ಬರು ದಾರಿಯ ಆ ಮಗ್ಗುಲಿಂದ ನಡೆಯತೊಡಗಿದರು. ಏನ್ರಿ ಸಾಹೇಬ್ರ, ಹಣ್ಣು ಬ್ಯಾಡೇನ್ರಿ ಎಂದರೆ, ಹಕೀಮರು ಬೇಡ ಅಂದಾರ, ಥಂಡಿ ಆಗ್ತದಂತ ಎನ್ನುತ್ತಿದ್ದರು. ಅಪ್ಪ ಬೆಲೆ ಅರ್ಧಕ್ಕೆ ಇಳಿಸಿದ. ಅದರಿಂದ ಇನ್ನೂ ಕೆಟ್ಟಿತು. ಕೆಂಬಾಳೆ ಅಷ್ಟು ಅಗ್ಗಕ್ಕೆ ಕೊಡುತ್ತಾರೆಂದರೆ ಏನೋ ಇದೆ ಎಂದು ಮಂದಿ ಇನ್ನಷ್ಟು ದೂರ ಸರಿದರು. ಅಪ್ಪ ಮಾತ್ರ ಯಾರೋ ನಮ್ಮ ಹಣ್ಣಿನ ಮೇಲೆ ಸುಳ್ಳು ಸುದ್ದಿ ಹಬ್ಬಿಸಿದ್ದಾರೆ ಎಂದ. ಯಾರು ಎಂದು ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ.

ಎಳ್ಳ ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಮಾವ ಬಂಡಿ ತಂದ. ಅಪ್ಪ ಹುಲ್ಲು ಸರಿಸಲು ಬಿಡಲಿಲ್ಲ. "ಒಳ್ಳೆ ಗೊನಿ ಎಲ್ಲಿ ಇಳಿಸಿ ಬಂದಿ?" ಅಂದ.

ಮಾವ ನಗೆಮಾತೆಂದೇ ತಿಳಿದ. "ಇವಽ ಒಳ್ಳೇವು, ಭಾವಾ. ಕಣ್ಣಿಗಿ ಕಾಣಂಗಿಲ್ಲೇನು?"

"ಕಾಣ್ತದ. ಅದಕ್ಕಽ ಕೇಳಾಕತ್ತೀನಿ. ನನ್ನ ಅಂಗಡ್ಯಾಗ ಒಂದು ಹಣ್ಣು ಹೋಗವಲ್ದು. ಯಾರ್ಯಾರಿಗಿ ಏನು ಹೇಳಿಟ್ಟೀ?"

ಮಾವ ಹಗ್ಗಕ್ಕಿದ್ದ ಗೊನೆಗಳನ್ನು ಆಗ ನೋಡಿದ. ಒಂದು ಹಣ್ಣಿನ ಮೇಲಿನ ಸುಣ್ಣವನ್ನು ಹೆಬ್ಬೆರಳಿಂದ ತಿಕ್ಕಿದ, ಅದು ಹೋಗಲಿಲ್ಲ. ಗಿಡದಲ್ಲಿರುವಾಗಲೇ ಇದನ್ನು ನೋಡಿದ್ದೆ, ಹುಡುಗರ ಆಟವೆಂದು ಬಿಟ್ಟಿದ್ದೆ ಎಂದು ಮೆಲ್ಲಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ಹಗ್ಗದ ಗಂಟು ಸರಿಮಾಡುವವನ ಹಾಗೆ ಬಗ್ಗಿದೆ.

"ನನ್ನ ಮನಿ ಬುತ್ತಿ ಉಂಡು, ನನ್ನ ಗಿಡಕ್ಕ ಗುರ್ತು ಹಾಕಿ ಬಂದ್ಯಾ?" ಅಂದ. ದನಿ ಏರಿರಲಿಲ್ಲ. ಬಂಡಿ ತಿರುಗಿಸಿಕೊಂಡು ಹೋದ. ಗಾಜಿಪುರದ ಮನೆಯ ಕಡೆ ಹೋಗಲಿಲ್ಲ.

ಎಳ್ಳ ಅಮಾವಾಸ್ಯೆಗೆ ಮೂರು ದಿನ ಮೊದಲು ಅವ್ವ ಎಳ್ಳು ಹುರಿದಿಟ್ಟಳು. ಎರಡು ಸೀರೆ ಮಡಿಚಿ ಗಂಟು ಕಟ್ಟಿದಳು. ಬಂಡಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಗಂಟು ಬಿಚ್ಚಿ ಸೀರೆ ಒಳಗಿಟ್ಟು ಅಪ್ಪನ ಮುಂದೆ ಬಂದು ನಿಂತಳು. "ನಾ ಕೇಳಂಗಿಲ್ಲ. ನೀವಽ ಹೇಳ್ರಿ," ಅಂದಳು. ನಿನ್ನ ತಮ್ಮ ನನ್ನ ಅಂಗಡಿ ಮುಳುಗಿಸಿದ ಎಂದು ಅಪ್ಪ ಹೇಳಿದ. ಅವ್ವ ನನ್ನ ಮುಖ ನೋಡಿದಳು. ಅಲ್ಲಿಯೂ ಆಕೆಗೆ ಏನೂ ಸಿಕ್ಕಲಿಲ್ಲ.

ಕರೆಯಲು ಬಾರದ ತವರಿಗೆ ಹೆಣ್ಣುಮಗಳು ತಾನಾಗಿ ಹೋಗುವುದು ನಮ್ಮಲ್ಲಿ ಇಲ್ಲ.

ಅಂಗಡಿ ಮುಚ್ಚಿತು. ಬೇಸಿಗೆಗೆ ಪ್ಲೇಗಿನ ಬ್ಯಾನಿ ಹೋಯಿತು, ಮಂದಿ ಗುಡಿಸಲು ಕಿತ್ತು ಊರೊಳಗೆ ಬಂದರು. ನಾನು ಗಂಜಿನಲ್ಲಿ ಒಬ್ಬ ಕಾಳಿನ ವ್ಯಾಪಾರಿಯ ಹತ್ತಿರ ತೂಗುವ ಕೆಲಸಕ್ಕೆ ಸೇರಿದೆ. ಬೇರೆಯವರ ಅಂಗಡಿಯಾದ್ದರಿಂದಲೋ ಏನೋ, ಅಲ್ಲಿ ನನಗೆ ಗಿರಾಕಿ ಕಾಣಿಸತೊಡಗಿದ. ಗಂಡನ ನೌಕರಿ ಹೋದ ಹೆಣ್ಣುಮಗಳು ಅಕ್ಕಿ ಬಿಟ್ಟು ಜೋಳ ಕೇಳುತ್ತಿದ್ದಳು. ತೊಗರಿಬೇಳೆ ತುಟ್ಟಿಯಾದ ವಾರ ಹೆಸರುಬೇಳೆಯ ಚೀಲ ಖಾಲಿಯಾಗುತ್ತಿತ್ತು, ಹೆಸರಿನ ಬೆಲೆ ಇದ್ದಷ್ಟೇ ಇದ್ದರೂ. ಮಳೆ ಆಗಲಿಕ್ಕಿಲ್ಲ ಎಂಬ ಸುದ್ದಿ ಬಂದರೆ ಸಾಕು, ಮೂರು ತಿಂಗಳ ಕಾಳನ್ನು ಒಂದೇ ದಿನ ಒಯ್ಯುತ್ತಿದ್ದರು. ದೊಡ್ಡ ಅಧಿಕಾರಿಯ ಬದಲಿಯಾದರೆ ಸಣ್ಣಕ್ಕಿ ಹಾಗೇ ಉಳಿಯುತ್ತಿತ್ತು. ಮಾಲು ಕೆಟ್ಟಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಬದಲಾದದ್ದು ಕೊಳ್ಳುವವರ ಮನೆಯ ಸಂಗತಿ, ಅವರ ಅಂಜಿಕೆ, ಅವರ ನಾಳೆ. ಅದು ನಮ್ಮ ತಕ್ಕಡಿಗೆ ಬಂದು ಬೀಳುತ್ತಿತ್ತು. ನಮ್ಮ ಹಣ್ಣಿಗೂ ಹೀಗೇ ಆಗಿರಬೇಕು ಎಂದು ಅಂದುಕೊಂಡೆ. ಆದರೂ ಕಡೆಯ ಆ ವಾರಗಳು ತಿಳಿಯಲಿಲ್ಲ. ಅಷ್ಟು ಪೂರ್ತಿ ನಿಂತುಹೋದದ್ದು ಯಾಕೆ?

ಮೂರನೆಯ ವರ್ಷ ಒಬ್ಬ ಮುದುಕಿ ಬೇಳೆ ಒಯ್ಯಲು ಬಂದಳು. ಮೊದಲು ಸೊಸೆಯ ಬಾಣಂತನಕ್ಕೆ ನಮ್ಮ ಕೆಂಬಾಳೆ ಒಯ್ಯುತ್ತಿದ್ದವಳು. ನಾವೆಲ್ಲ ಆಕೆಯನ್ನು ಖಾಲಾ, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ನನ್ನನ್ನು ಗುರುತು ಹಿಡಿದು ಅಂಗಡಿ ಏನಾಯಿತು ಎಂದಳು. ನಡೆಯಲಿಲ್ಲ, ಮುಚ್ಚಿದೆವು ಅಂದೆ.

"ಹೆಂಗ ನಡೀತದ ಬೇಟಾ? ಬ್ಯಾನಿ ಬಂದ ಮನಿ ಬಾಗಲಕ್ಕ ಸಫಾಯಿ ಮಂದಿ ಸುಣ್ಣದ ದುಂಡು ಬರದಿದ್ರಲ್ಲ, ನಿಮ್ಮ ಹಣ್ಣಿಗೂ ಅದಽ ನಿಶಾನಿ ಇತ್ತು. ಅಂಥಾ ಮನಿಯಾಗ ಇಟ್ಟ ಹಣ್ಣಂತ ಎಲ್ಲಾರೂ ಅಂತಿದ್ರು."

ಮತ್ತೆ ನಮಗ್ಯಾಕ ಹೇಳಲಿಲ್ಲ ಖಾಲಾ ಎಂದೆ. ಅಂಗಡಿ ಮುಂದ ನಿಂತು ಆ ಮಾತು ಹೆಂಗ ಆಡೋದಪ್ಪಾ ಎಂದು ಆಕೆ ಬೇಳೆಯ ಗಂಟು ಎತ್ತಿಕೊಂಡಳು.

ಅಂಥ ಬಾಗಿಲುಗಳನ್ನು ನಾನೂ ನೋಡಿದ್ದೆ. ಅಂಗಡಿಗೆ ಹೋಗುವ ದಾರಿಯಲ್ಲೇ ಎರಡಿದ್ದವು. ಅವುಗಳ ಮುಂದೆ ನಡೆದುಹೋಗಿ, ಅದೇ ದುಂಡನ್ನು ನನ್ನ ಕೈಯಾರೆ ಬರೆದ ಹಣ್ಣು ತೂಗುಹಾಕಿ, ಮಂದಿ ಯಾಕೆ ಬರುತ್ತಿಲ್ಲ ಎಂದು ಕುಳಿತಿದ್ದೆ. ನಾವಿಬ್ಬರೂ ಮಾವನ ಮುಖ ನೋಡುತ್ತಿದ್ದೆವು. ಬೇರೆ ಏನೂ ನೋಡುತ್ತಿರಲಿಲ್ಲ.

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಕಣ್ಣು ಸಣ್ಣ ಮಾಡಿ ಕೇಳಿಸಿಕೊಂಡ. "ಆಕೀನ್ನ ಯಾರು ಕಳಿಸಿದ್ರು?" ಅಂದ.

ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವನಿಗೆ ಕೇಳಿಸಿತ್ತು. ಸುಣ್ಣದ ಮಾತು ಆಕೆಗೆ ಮೊದಲ ಸಲ ಗೊತ್ತಾದದ್ದು ಆಗ. ನನ್ನನ್ನು ಬಯ್ಯಲಿಲ್ಲ. "ನಮ್ಮ ತಮ್ಮಗ ಹೋಗಿ ಹೇಳು," ಅಂದಳು ಅಷ್ಟೇ.

ಹೋದೆ. ಬಾವಿಯ ಮಗ್ಗುಲಲ್ಲಿ ಕೆಂಬಾಳೆ ಇರಲಿಲ್ಲ, ಕಡಿದು ಅರಿಶಿಣ ಹಾಕಿದ್ದ. ಕೊಳ್ಳುವವರಿಲ್ಲದ ಹಣ್ಣನ್ನು ಒಂದೂವರೆ ವರ್ಷ ನೀರು ಹೊಯ್ದು ಯಾರು ಬೆಳೆಯುತ್ತಾರೆ? ಮಾವ ಕೂಡು ಎನ್ನಲಿಲ್ಲ. ನನ್ನ ಕೈಗಳನ್ನು ನೋಡಿ, "ಈ ಸಲ ನಿಮ್ಮಪ್ಪ ಏನು ನೋಡಿಕೊಂಡು ಬಾ ಅಂದಾನ?" ಅಂದ. ನಾನು ಎಲ್ಲವನ್ನೂ ಹೇಳಿದೆ: ಸುಣ್ಣ, ಅಂಟು, ಬಾಗಿಲುಗಳು, ಖಾಲಾ. ತಪ್ಪು ನನ್ನದು ಅಂದೆ. ಅವ್ವನನ್ನು ಕರೆಯಲು ಬಾ ಎಂದು ಕಾಲು ಮುಟ್ಟಿದೆ.

ಮಾವ ಕಾಲು ಹಿಂದಕ್ಕೆ ತೆಗೆದುಕೊಂಡ. "ಖರೇ ಇರಬಹುದು. ಆದ್ರ ಹೋದ ಸಲ ನೀ ನಕ್ಕೋತಽ ಬಂದು ಉಂಡು ಹೋಗಿದ್ದಿ. ನಾ ಹೆಂಗ ತಿಳಕೊಳ್ಳಲಿ? ನಿಮ್ಮಪ್ಪ ಬಂದು ಇದಽ ಮಾತು ಹೇಳಲಿ. ಅವತ್ತಽ ಬಂಡಿ ಕಟ್ತೀನಿ."

ಅಪ್ಪ ಹೋಗಲಿಲ್ಲ. ತನ್ನನ್ನು ಊರಿಗೆ ಕರೆಸಿಕೊಂಡು ಹತ್ತು ಮಂದಿಯ ಮುಂದೆ ಮರ್ಯಾದೆ ಕಳೆಯಬೇಕೆಂದಿದ್ದಾನೆ ಎಂದ. ನಾನು ಪ್ರತಿ ವರ್ಷ ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ ಕೇಳುತ್ತಿದ್ದೆ. ಕೆಲವು ವರ್ಷಗಳ ಮೇಲೆ ಅಪ್ಪನ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಸುಣ್ಣದ ಮಾತು ಖರೇ ಎಂದು ಅವನಿಗೂ ಗೊತ್ತಾಗಿತ್ತು ಎಂದು ನನಗೆ ಅನಿಸುತ್ತದೆ. ಆದರೆ ಅದನ್ನು ಒಪ್ಪಿದರೆ ಇಷ್ಟು ವರ್ಷ ಹೆಂಡತಿಯನ್ನು ಯಾತಕ್ಕೆ ಕೂಡಿಸಿಕೊಂಡಿದ್ದೆ ಎಂದು ಹೇಳಬೇಕಾಗುತ್ತಿತ್ತು. ಅವ್ವ ಹಬ್ಬದ ದಿನ ನಮ್ಮ ಮನೆಯಲ್ಲೇ ಭಜ್ಜಿ ಮಾಡುತ್ತಿದ್ದಳು. ನಮಗೆ ಹೊಲವಿರಲಿಲ್ಲ. ಚರಗವನ್ನು ಹಿತ್ತಲಿನ ಪಡವಲ ಬಳ್ಳಿಯ ಬುಡಕ್ಕೆ ಚೆಲ್ಲಿ ಒಳಗೆ ಬರುತ್ತಿದ್ದಳು. ಕಮಲಾಪುರದ ಹೆಸರು ಎತ್ತುತ್ತಿರಲಿಲ್ಲ. ಆಕೆ ನನ್ನನ್ನು ಕ್ಷಮಿಸಿದ್ದಳೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಿದರೆ ಹೌದು ಎಂದೇ ಹೇಳುತ್ತಿದ್ದಳು. ಆ ಹೌದನ್ನು ನಾನು ನಂಬುತ್ತಿರಲಿಲ್ಲ.

ಈ ವರ್ಷ ಮೂರು ದಿನದ ಜ್ವರದಲ್ಲಿ ಅವ್ವ ಹೋದಳು. ಬೆಳಗಿನ ಜಾವ ಜೀವ ಹೋಯಿತು, ಹೊತ್ತು ಮೂಡುವುದರೊಳಗೆ ಟಾಂಗಾದವನೊಬ್ಬನನ್ನು ಕಮಲಾಪುರಕ್ಕೆ ಕಳಿಸಿದೆ. ನಮ್ಮಲ್ಲಿ ಮುತ್ತೈದೆ ತೀರಿಕೊಂಡರೆ ಮಣ್ಣಿಗೆ ಮುಂಚೆ ತವರಿನಿಂದ ಸೀರೆ ಬರಬೇಕು, ಅದನ್ನು ಉಡಿಸಿ ಕಳಿಸಬೇಕು. ಅವ್ವನನ್ನು ಕೂಡಿಸಿ, ವಿಭೂತಿ ಹಚ್ಚಿ, ಕಾದೆವು. ಅಪ್ಪನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೊರಗೆ ಹೆಜ್ಜೆ ಸಪ್ಪಳವಾದಾಗಲೆಲ್ಲ, "ಕಮಲಾಪುರದಿಂದ ಬಂದ್ರೇನು?" ಎಂದು ಕೇಳುತ್ತಿದ್ದ. ಅವನ ಬಾಯಲ್ಲಿ ಆ ಊರಿನ ಹೆಸರು ಅಷ್ಟು ವರ್ಷಗಳಲ್ಲಿ ಮೊದಲ ಸಲ ಬಂದಿತ್ತು.

ಟಾಂಗಾದವನು ಮರುದಿನ ಬೆಳಿಗ್ಗೆ ಒಬ್ಬನೇ ಬಂದ. ನಿಮ್ಮ ಮಾವನನ್ನು ಕಂಡೆ, ಸುದ್ದಿ ಹೇಳಿದೆ ಎಂದ. ಯಾರು ಕಳಿಸಿದರು ಎಂದು ಮಾವ ಕೇಳಿದನಂತೆ. ಮಗ ಎಂದೆ, ಖರೇನಾ ಎಂದು ಕೇಳಿ ಒಳಗೆ ಹೋದ, ಆಮೇಲೆ ಹೊರಗೆ ಬರಲಿಲ್ಲ, ನಾನು ತಿರುಗಿ ಬಂದೆ ಎಂದ. ಇವನು ಖರೇನೇ ಮಾವನ ಮನೆಯವರೆಗೆ ಹೋಗಿದ್ದನೋ, ದಾರಿಯಲ್ಲಿ ಎಲ್ಲೋ ಟಾಂಗಾ ನಿಲ್ಲಿಸಿ ಮಲಗಿ ಎದ್ದು ಬಂದನೋ ಎಂದು ನಾನು ಅವನ ಮುಖವನ್ನು ನೋಡುತ್ತ ನಿಂತೆ. ಅಪ್ಪನೂ ಹೀಗೆಯೇ ನಿಲ್ಲುತ್ತಿದ್ದ. ಈಗಲೂ ನನಗೆ ಗೊತ್ತಿಲ್ಲ.

ಮಧ್ಯಾಹ್ನದವರೆಗೆ ನೋಡಿದೆವು. ಅದಕ್ಕಿಂತ ಹೆಚ್ಚು ಇಡಲಾಗಲಿಲ್ಲ. ನನ್ನ ಹೆಂಡತಿ ಪೆಟ್ಟಿಗೆಯಿಂದ ಅವ್ವನದೇ ಒಂದು ಹಸಿರು ಸೀರೆ ತೆಗೆದುಕೊಟ್ಟಳು. ಅದನ್ನು ಉಡಿಸಿ ಮಣ್ಣು ಮಾಡಿ ಬಂದೆವು.

ತವರಿನ ಸೀರೆ ಬರಲಿಲ್ಲ.